ತಲೆವಸ್ತ್ರ ದಾಟದ ಖಾನ್

ವಸಂತದ ಹೊಸವರ್ಷ ನೊವ್ರೂಜ್‌ಗೆ ಹದಿನಾಲ್ಕು ದಿನ ಮೊದಲು, ಬೆಂಕಿಯ ಮಂಗಳವಾರ

ಶಾಹನ ದಂಡು ನಿನ್ನೆ ಹೊಳೆ ದಾಟಿ ಈ ಕಡೆಯ ಬಯಲಲ್ಲಿ ಬೀಡುಬಿಟ್ಟಿದೆ. ಡೇರೆ ಎಣಿಸುತ್ತೇನೆಂದು ಕೋಟೆಗೋಡೆ ಹತ್ತಿದ ಪಕ್ಕದ ಮನೆಯ ಹಮಾಯಿಲ್ ನೂರರ ಮೇಲೆ ಎಣಿಕೆ ಬಾರದೆ ಇಳಿದು ಬಂದಳು.

"ಗೌಹರ್ ಬಾಜಿ, ಬಯಲ ತುಂಬ ನಾಯಿಕೊಡೆ ಎದ್ದಂಗಿದೆ."

"ನಾಯಿಕೊಡೆ ಬಿಸಿಲಿಗೆ ಎಷ್ಟು ದಿನ ನಿಲ್ಲುತ್ತೆ? ಹೋಗಿ ಹಿಟ್ಟು ನಾದು" ಎಂದೆ.

"ನಿಮಗೆ ಹೆದ್ರಿಕೆ ಆಗಲ್ವಾ?"

ನಮ್ಮ ಮನೆಯಲ್ಲಿ ಆ ಪದ ಇಲ್ಲ ಎಂದೆ. ಸುಳ್ಳಲ್ಲ. ಸಂಜೆ ಅಂಗಳದಲ್ಲಿ ಬೆಂಕಿ ಹಾಕಿಸಿ, ಮಂಡಿನೋವಿದ್ದರೂ ಎಲ್ಲರಿಗಿಂತ ಮೊದಲು ನಾನೇ ಅದನ್ನು ಹಾರಿ ದಾಟಿದೆ.

ಊರಿಗೆಲ್ಲ ನಾನು ಬಾಜಿ, ಅಕ್ಕ. ಅಪ್ಪ ಮುಲ್ಲಾ ಆಗಿದ್ದರಿಂದ ನನಗೆ ಅಕ್ಷರ ಒಲಿಯಿತು. ಗಂಡ ಸತ್ತು ಹನ್ನೊಂದು ವರ್ಷವಾಯಿತು, ಮಕ್ಕಳಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ, ಯಾರೂ ಓದಬೇಕಾಗಿಲ್ಲ.

ಹೇಳಲಾಗದ್ದು ಇಷ್ಟೇ. ಆ ಡೇರೆಗಳಲ್ಲಿ ಯಾವುದೋ ಒಂದರಲ್ಲಿ ನಮ್ಮ ಒರೂಜ್ ಇದ್ದಾನೆ. ಊರಿಗೆ ಅವನು ಯಾದಿಗಾರ್ ಖಾನನ ಒಬ್ಬನೇ ಮಗ, ನನಗೆ ನಾನು ಸಾಕಿದ ಕೂಸು. ಕಳೆದ ಸುಗ್ಗಿಯಲ್ಲಿ ಒಪ್ಪಂದವಾಗಿತ್ತು: ಖಾನ್ ಮಗನನ್ನು ಒತ್ತೆ ಕೊಡಬೇಕು, ಪರ್ಷಿಯಾದ ಶಾಹ ನಮ್ಮ ಸಾರಿಗಯಾ ಕೋಟೆಯ ಕಡೆ ದಂಡು ತರಬಾರದು. ಯಾದಿಗಾರ್‌ಗೆ ಮನಸ್ಸಿರಲಿಲ್ಲ. ನಾನೇ ಹೇಳಿದೆ, "ಕೊಡು. ಖಾನ್ ಮಗ ಅಂದ್ಮೇಲೆ ಊರಿಗೋಸ್ಕರ ಒಂದು ಚಳಿಗಾಲ ಹೊರಗಿರಕ್ಕಾಗಲ್ವಾ?" ಹೊರಟ ಕುದುರೆಯ ಹಿಂದೆ ನೀರು ಚೆಲ್ಲಿದವಳೂ ನಾನೇ. ನೀರು ಚೆಲ್ಲಿ ಕಳಿಸಿದವರು ಮನೆಗೆ ತಿರುಗಿ ಬರುತ್ತಾರೆ.

ಮಗನನ್ನೂ ಇಟ್ಟುಕೊಂಡು ದಂಡನ್ನೂ ತಂದಿದ್ದಾರೆ ಈ ಮಾತುಗೇಡಿಗಳು.


ನೊವ್ರೂಜ್ ಹಬ್ಬ

ಗೋಧಿ ಮೊಳಕೆಯ ತಟ್ಟೆಗೆ ಕೆಂಪು ದಾರ ಕಟ್ಟಿದೆ. ಮೊಟ್ಟೆಗೆ ಈರುಳ್ಳಿ ಸಿಪ್ಪೆಯ ಬಣ್ಣ ಹಾಕಿದೆ. ಅಮ್ಮನ ರೇಷ್ಮೆ ತಲೆವಸ್ತ್ರ ಪೆಟ್ಟಿಗೆಯಿಂದ ತೆಗೆದು ತಲೆಗೆ ಹೊದ್ದೆ. ಹಬ್ಬಕ್ಕೆ ಬಿಟ್ಟು ಬೇರೆ ದಿನ ಅದನ್ನು ಮುಟ್ಟುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಖಾನ್ ಬಂದ. ಖಾನ್ ಏನು, ನನಗೆ ಅವನು ಯಾದಿಗಾರ್. ಹುಟ್ಟಿದ ಮೂರನೆಯ ದಿನಕ್ಕೆ ತಾಯಿಯನ್ನು ಕಳೆದುಕೊಂಡು ನಮ್ಮ ಮನೆಗೆ ಬಂದ. ನನ್ನ ಅಮ್ಮ ಎದೆಹಾಲು ಕೊಟ್ಟು ಬೆಳೆಸಿದಳು. ಒಂದೇ ಹಾಲು ಕುಡಿದ ಮೇಲೆ ರಕ್ತ ಯಾವುದಾದರೇನು, ಅವನು ನನ್ನ ತಮ್ಮ. ನಲವತ್ತನಾಲ್ಕು ತುಂಬಿದೆ. ಈಗಲೂ ನಾನು ಬೈದರೆ ತಲೆ ಕೆರೆದುಕೊಳ್ಳುತ್ತಾನೆ.

ಪಿಲಾವಿನ ತಳ ಹಿಡಿದ ಗರಿಗರಿ ಪದರವನ್ನು ತಟ್ಟೆಗೆ ಹಾಕಿದೆ. ತಿನ್ನದೆ ನನ್ನ ತಲೆಯನ್ನೇ ನೋಡುತ್ತಿದ್ದ.

"ಇನ್ನೂ ಇಟ್ಕೊಂಡಿದ್ಯಾ ಅದನ್ನ?"

"ಎಸೆಯಕ್ಕೆ ನಂಗೇನು ತಲೆ ಕೆಟ್ಟಿದ್ಯಾ?"

"ಹೊಲಿಗೆ ಚೆನ್ನಾಗಿಲ್ಲ, ಬಾಜಿ" ಎಂದು ನಕ್ಕ.

ಹೊಲಿಗೆ ನನ್ನದು. ಹದಿನೆಂಟು ವರ್ಷದ ಹಿಂದಿನದು. ಆಗ ಇಲ್ಲಿ ಖಾನ್ ಇರಲಿಲ್ಲ, ಶಾಹನ ಕಂದಾಯದವನಿದ್ದ. ಒಂದು ದಿನ ಚೌಕದಲ್ಲಿ ರೇಷ್ಮೆ ನೂಲು ತೆಗೆಯುವ ಮುದುಕನೊಬ್ಬನನ್ನು ಕಂದಾಯ ಸಾಲದೆಂದು ಹೊಡೆಸುತ್ತಿದ್ದ. ನನ್ನ ಅಮ್ಮ ಹೋಗಿ ತಲೆವಸ್ತ್ರ ಕಿತ್ತು ಅವನ ಕುದುರೆಯ ಮುಂದೆ ನೆಲಕ್ಕೆಸೆದಳು. ಹೆಂಗಸಿನ ತಲೆವಸ್ತ್ರ ನೆಲಕ್ಕೆ ಬಿತ್ತೆಂದರೆ ಎತ್ತಿದ ಕತ್ತಿ ಇಳಿಯಬೇಕು, ನಡೆಯುವ ಕುದುರೆ ನಿಲ್ಲಬೇಕು. ಅಪ್ಪನನ್ನು ಕೊಂದವನನ್ನು ಅಟ್ಟಿಸಿಕೊಂಡು ಬಂದವನೂ ಅಲ್ಲಿ ನಿಂತುಬಿಡುತ್ತಾನೆ. ಆ ಪುಣ್ಯಾತ್ಮ ನಿಲ್ಲಲಿಲ್ಲ. ಅಮ್ಮನ ಕಣ್ಣೆದುರೇ ವಸ್ತ್ರದ ಮೇಲೆ ಕುದುರೆ ಹಾಯಿಸಿದ. ಗೊರಸು ಸಿಕ್ಕಿ ಒಂದು ಮೂಲೆ ಹರಿಯಿತು.

ಇಪ್ಪತ್ತಾರರ ಯಾದಿಗಾರ್ ಜನರ ನಡುವಿನಿಂದ ನುಗ್ಗಿ ಅವನನ್ನು ಕಾಲು ಹಿಡಿದು ಕೆಳಗೆಳೆದ. ಸಂಜೆಯೊಳಗೆ ಊರಿಗೆ ಊರೇ ಎದ್ದಿತ್ತು. ಮರುದಿನ ಹಿರಿಯರು ಅವನನ್ನು ಬಿಳಿ ಕಂಬಳಿಯ ಮೇಲೆ ಕೂರಿಸಿ ಖಾನ್ ಎಂದು ಎತ್ತಿದರು. ಆಮೇಲೆ ಶಾಹ ಮೂರು ಸಲ ದಂಡು ಕಳಿಸಿದ್ದಾನೆ. ಮೂರು ಸಲವೂ ಬಾಗಿಲು ತೆರೆಯಲಿಲ್ಲ.

"ಒರೂಜ್‌ಗೆ ಈ ಕಡುಬು ಅಂದ್ರೆ ಪ್ರಾಣ" ಎಂದ ಯಾದಿಗಾರ್, ಬಾದಾಮಿ ತುಂಬಿದ ಕರಿಗಡುಬನ್ನು ಕೈಯಲ್ಲಿ ತಿರುಗಿಸುತ್ತ. "ಅಲ್ಲಿ ಯಾರು ಮಾಡ್ಕೊಡ್ತಾರೆ?"

"ಬರ್ತಾನೆ, ಆಗ ಮಾಡ್ತೀನಿ. ನೀನು ತಿನ್ನು" ಎಂದೆ. ತಿನ್ನಲಿಲ್ಲ. ಜೇಬಿಗೆ ಹಾಕಿಕೊಂಡು ಹೋದ.


ನೊವ್ರೂಜ್ ಆಗಿ ಆರನೆಯ ದಿನ

ದಂಡಿನ ಸರದಾರನಿಂದ ಓಲೆ ಬಂತು. ಹಿರಿಯರ ಸಭೆಯಲ್ಲಿ ಓದಿದರು, ಪರದೆಯ ಹಿಂದೆ ನಾನು ಕೇಳಿದೆ. ಹಬ್ಬವಾಗಿ ಹತ್ತನೆಯ ದಿನ ನಡು ಮಧ್ಯಾಹ್ನದೊಳಗೆ ಬಾಗಿಲು ತೆರೆಯಬೇಕು. ಇಲ್ಲದಿದ್ದರೆ ಒರೂಜ್‌ನ ಎರಡು ಕಣ್ಣು ತೆಗೆಯುತ್ತಾರೆ.

ಕೋಟೆ ಕಾಯುವ ಮುದುಕ ಪೀರ್‌ಕುಲಿ ಮಾತ್ರ, "ಖಾನ್, ನೀವು ಏನಂದ್ರೂ ನಾವು ಹೂಂ ಅಂತೀವಿ" ಎಂದ. ಬಾಗಿಲು ತೆರೆಯಿರಿ ಎಂದರೂ ಹೂಂ ಎನ್ನುತ್ತಿದ್ದರೇನೋ.

ಯಾದಿಗಾರ್ ಹೇಳಿದ: "ಹೋದ್ಸಲ ಆ ಹೊಳೆಯಾಚೆ ಊರಿನವರು ತೆರೆದ್ರು. ಏನಾಯ್ತು ನೋಡಿದ್ದೀರಿ. ನಂಗೆ ಮಗ ಒಬ್ಬ. ಈ ಗೋಡೆ ಒಳಗೆ ನಾಲ್ಕು ಸಾವಿರ ಜನ. ಬಾಗಿಲು ತೆರೆಯಲ್ಲ."

ನನ್ನ ಎದೆ ಉಬ್ಬಿತು. ಇಂಥವನಿಗೆ ನಮ್ಮಮ್ಮ ಹಾಲು ಕೊಟ್ಟಿದ್ದಾಳೆ ಎಂದುಕೊಂಡೆ. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತೆ, ಅದು ಬೇರೆ ಮಾತು.

ಆದರೂ ನನಗೆ ಧೈರ್ಯವಿದೆ. ಚಳಿಗಾಲವೆಲ್ಲ ಅವರ ರೊಟ್ಟಿ, ಅವರ ಉಪ್ಪು ತಿಂದಿದ್ದಾನೆ ಹುಡುಗ. ತಾನೇ ಉಪ್ಪು ಹಾಕಿ ಉಣ್ಣಿಸಿದವನ ಮೇಲೆ ಯಾವ ಮನುಷ್ಯ ಕೈ ಮಾಡುತ್ತಾನೆ? ಹೆದರಿಸುತ್ತಾರೆ, ಅಷ್ಟೇ. ನಾವು ಅಲುಗದೆ ಕೂತರೆ ಸಾಕು. ಹಮಾಯಿಲ್‌ಗೂ ಹಾಗೆಂದೇ ಹೇಳಿದೆ. ಅವಳು ತಲೆಯಾಡಿಸಿದಳು. ಅವಳಿಗೆ ಏನು ಹೇಳಿದರೂ ತಲೆಯಾಡಿಸುತ್ತಾಳೆ.


ಒಂಬತ್ತನೆಯ ದಿನ

ಹಿಪ್ಪುನೇರಳೆ ಚಿಗುರು ಬೆಕ್ಕಿನ ಕಿವಿಯಷ್ಟಾಗಿದೆ. ರೇಷ್ಮೆಹುಳುವಿನ ಮೊಟ್ಟೆಗಳನ್ನು ಬಟ್ಟೆಯ ಸಣ್ಣ ಚೀಲಕ್ಕೆ ತುಂಬಿ ಕಾವಿಗೆಂದು ಎದೆಗೆ ಕಟ್ಟಿಕೊಂಡೆ. ಇನ್ನು ಮರಿ ಹೊರಬರುವವರೆಗೆ ಓಡುವಂತಿಲ್ಲ, ಬಗ್ಗುವಂತಿಲ್ಲ, ಸಿಟ್ಟಾಗುವಂತಿಲ್ಲ. ಮೂರನೆಯದು ನನ್ನಿಂದ ಆಗದ ಕೆಲಸ.

ಯಾದಿಗಾರ್ ಬಂದಿದ್ದ. ಅವನ ನಡವಳಿಕೆ ನನಗೆ ಹಿಡಿಸಲಿಲ್ಲ. ಕ್ಷೌರ ಮಾಡಿಸಿಕೊಂಡಿದ್ದ. ನಾನು ಹೊಲಿದ ಬಿಳಿ ಅಂಗಿ ಎಲ್ಲಿದೆ ಎಂದು ಕೇಳಿ ತೆಗೆದುಕೊಂಡ. ಬೆರಳಲ್ಲಿ ಮುದ್ರೆಯುಂಗುರ ಇರಲಿಲ್ಲ. ಕೇಳಿದರೆ, "ಪೀರ್‌ಕುಲಿ ಹತ್ರ ಇದೆ, ತೊಳಿಯಕ್ಕೆ ಕೊಟ್ಟೆ" ಎಂದ. ಮುದ್ರೆ ತೊಳೆಯಲು ಯಾರಾದರೂ ಕೊಡುತ್ತಾರೆಯೇ?

"ಬಾಜಿ, ಒರೂಜ್ ಬಂದ್ರೆ ಈ ವರ್ಷ ಹುಳುವಿನ ಕೆಲಸ ಕಲಿಸು ಅವನಿಗೆ."

"ಖಾನ್ ಆಗೋನಿಗೆ ಹುಳುವಿನ ಕೆಲಸ ಯಾಕೆ?"

"ತಾಳ್ಮೆ ಬರುತ್ತೆ. ನಂಗದು ಬರ್ಲಿಲ್ಲ."

ಹೋಗುವಾಗ ಬಾಗಿಲಲ್ಲಿ ನಿಂತು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡ. ನನಗೆ ಅರ್ಥವಾಯಿತು. ನಾಳೆ ಮಧ್ಯಾಹ್ನ ಗಡುವು. ಮಗನ ಸಂಕಟದಲ್ಲಿ ಇವನು ಒಬ್ಬನೇ ದಂಡಿನ ಮೇಲೆ ಬಿದ್ದು ಸಾಯಲು ಹೊರಟಿದ್ದಾನೆ. ಇವನು ಸತ್ತರೆ ಕೋಟೆ ಉಳಿಯುವುದಿಲ್ಲ, ಹುಡುಗನೂ ಉಳಿಯುವುದಿಲ್ಲ. ನಾನಿರುವಾಗ ಹಾಗಾಗಲು ಬಿಡುತ್ತೇನೆಯೇ?


ಹತ್ತನೆಯ ದಿನ

ಗೆದ್ದೆ.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಹಮಾಯಿಲ್ ಓಡಿಬಂದಳು. "ಬಾಜಿ, ಪೀರ್‌ಕುಲಿ ಬಾಗಿಲ ಅಗುಳಿ ತೆಗೀತಿದಾನೆ, ಖಾನ್ ಕುದುರೆ ಹತ್ತಿದಾರೆ!" ಎದೆಯ ಚೀಲವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಓಡಿದೆ. ಅಮ್ಮನ ವಸ್ತ್ರ ಬೆಳಗಿನಿಂದಲೇ ತಲೆಯ ಮೇಲಿತ್ತು. ಬೇಕೆಂದೇ ಹೊದ್ದುಕೊಂಡಿದ್ದೆ.

ಬಿಳಿ ಅಂಗಿ. ಕವಚವಿಲ್ಲ, ಸೊಂಟದಲ್ಲಿ ಕತ್ತಿ ಕೂಡ ಇಲ್ಲ. ಬರಿಗೈಯಲ್ಲಿ ದಂಡಿನ ಮೇಲೆ ಹೋಗುವವನಿಗೆ ಬುದ್ಧಿ ಕೆಟ್ಟಿದೆ ಎನ್ನದೆ ಏನೆನ್ನಲಿ? ಅರ್ಧ ಊರು ಅಲ್ಲಿ ಸೇರಿತ್ತು. ಅಗುಳಿ ಸರಿದು ಬಾಗಿಲು ಒಂದು ಕುದುರೆ ಹೋಗುವಷ್ಟು ತೆರೆದಿತ್ತು. ನಾನು ತಲೆವಸ್ತ್ರ ಎಳೆದು ಕುದುರೆಯ ಮುಂದೆ ನೆಲಕ್ಕೆ ಹಾಸಿದೆ.

ಕುದುರೆ ಮುಂಗಾಲೆತ್ತಿತು. ಅವನು ಲಗಾಮು ಎಳೆದ ರಭಸಕ್ಕೆ ಅದರ ಬಾಯಿಯಲ್ಲಿ ರಕ್ತ ಬಂತು.

"ಬಾಜಿ, ತೆಗಿ."

"ತೆಗೆಯಲ್ಲ."

"ಇವತ್ತೊಂದು ದಿನ ತೆಗಿ. ಇನ್ಯಾವತ್ತೂ ನಿನ್ನ ಏನೂ ಕೇಳಲ್ಲ."

"ಇವತ್ತೇ ತೆಗೆಯಲ್ಲ. ಹೋಗೋದಾದ್ರೆ ಇದ್ರ ಮೇಲೆ ಹೋಗು. ದಾಟಿ ಅಭ್ಯಾಸ ಇದ್ದವನೊಬ್ಬ ಮುಂಚೆ ಇದ್ದ, ನೀನೂ ಅವನ ಹಾಗೇ ಹೋಗು."

ಆ ಮಾತು ನಾಟಿತು. ಪೀರ್‌ಕುಲಿ ನನ್ನ ಕಡೆ ಬಂದು, "ಗೌಹರ್ ಬಾಜಿ, ನಿಮ್ಮ ದಮ್ಮಯ್ಯ" ಎಂದು ಏನೋ ಹೇಳಹೊರಟ. ಯಾದಿಗಾರ್ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದ. ಮತ್ತೆ ಮತ್ತೆ ಬಾಗಿಲಗೋಪುರದ ನೆರಳು ನೋಡುತ್ತಿದ್ದ. ನೆರಳು ಗೋಡೆಯ ಬುಡಕ್ಕೆ ಸರಿಯಿತು. ಆಮೇಲೆ ಈ ಕಡೆ ಹೊರಳಿತು, ಮಧ್ಯಾಹ್ನ ದಾಟಿತು. ಅಷ್ಟು ಹೊತ್ತೂ ಕುದುರೆಯ ಮೇಲೆ ಕೂತೇ ಇದ್ದ. ನಾನೂ ನಿಂತೇ ಇದ್ದೆ, ಬರಿದಲೆಯಲ್ಲಿ, ಊರ ಗಂಡಸರೆಲ್ಲ ನೆಲ ನೋಡುತ್ತಿರುವಾಗ.

ಕೊನೆಗೆ ಕುದುರೆ ತಿರುಗಿಸಿದ. ಮಂಡಿ ನೋಯುತ್ತಿದೆ. ಮನಸ್ಸು ಹಗುರವಾಗಿದೆ.


ಹನ್ನೊಂದನೆಯ ದಿನ

ಒರೂಜ್ ಬಂದ. ಕತ್ತೆಯ ಮೇಲೆ ಕೂರಿಸಿ ಬಾಗಿಲ ತನಕ ತಂದು ಬಿಟ್ಟು ಹೋದರು. ಕಣ್ಣಿಗೆ ಬಟ್ಟೆ ಕಟ್ಟಿದ್ದರು.


ಹದಿನಾಲ್ಕನೆಯ ದಿನ

ಮೂರು ದಿನ ಜ್ವರದಲ್ಲಿದ್ದ. ಇವತ್ತು ಇಳಿಯಿತು. ಕುರಿಮಾಂಸದ ತಿಳಿಸಾರು ಎರಡು ಗುಟುಕು ಕುಡಿದ. ಬಟ್ಟೆ ಬದಲಿಸಿದೆ. ನೋಡಿದ್ದನ್ನು ಬರೆಯುವುದಿಲ್ಲ.

"ಬೀಬಿ" ಎಂದ. ತಂದೆಯ ಅಕ್ಕನಾದ ನನ್ನನ್ನು ಅವನು ಕರೆಯುವುದು ಹಾಗೆ. "ನೀನೇನಾ?"

"ನಾನೇ, ಕಂದ."

"ಹತ್ತನೇ ದಿನ ಬೆಳಿಗ್ಗೆ ನಂಗೆ ಸ್ನಾನ ಮಾಡಿಸಿದ್ರು, ಬೀಬಿ. ಒಳ್ಳೆ ಬಟ್ಟೆ ಕೊಟ್ರು. ಸರದಾರ ನಗ್ತಾನೇ ಹೇಳ್ದ, ಮಧ್ಯಾಹ್ನದೊಳಗೆ ನಿಮ್ಮಪ್ಪ ಒಬ್ನೇ ಬಂದು ನನ್ನ ಕೈಗೆ ಸಿಗ್ತಾನೆ, ಅವನು ಈ ಕಡೆ, ನೀನು ಆ ಕಡೆ ಅಂತ. ಮಾತಾಗಿದೆ, ಬಾಗಿಲು ಹಾಗೇ ಮುಚ್ಚಿರುತ್ತೆ, ತಲೆಗೆ ತಲೆ ಅಂತ. ಹೊಳೆ ಹತ್ರ ಕುದುರೆ ಮೇಲೆ ಕೂರಿಸಿ ನಿಲ್ಸಿದ್ರು. ಬಾಗಿಲು ತೆಗೆದಿದ್ದು ದೂರದಿಂದ ಕಾಣಿಸ್ತು. ಬಾಬಾ ಬಂದ್ರು, ಈಗ ಬಂದ್ರು ಅಂತ ನೋಡ್ತಿದ್ದೆ. ನೆರಳು ಹೊರಳ್ತು."

ಕೊನೆಗೆ ನೋಡಿದ್ದು ಅದನ್ನೇ, ಆ ಬಾಗಿಲನ್ನು.

ನಾನು ಎದ್ದು ಹೊರಗೆ ಬಂದೆ. ಕೋಟೆಯ ಮೇಲಟ್ಟ ಹತ್ತಿದೆ. ಯಾದಿಗಾರ್ ಅಲ್ಲಿ ಒಬ್ಬನೇ ನಿಂತಿದ್ದ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ಯಾಕೋ ಹೇಳ್ಲಿಲ್ಲ? ನನ್ನ ಕಿವೀಲಿ ಒಂದು ಮಾತು ಹೇಳಕ್ಕಾಗ್ಲಿಲ್ವಾ?"

"ಹೇಳಿದ್ರೆ ನೀನು ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಬಿಡುತ್ತಿದ್ದೆನೇ? ಗೊತ್ತಿಲ್ಲ. ಇಬ್ಬರಲ್ಲಿ ಯಾರು ಎಂದು ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದೆನೋ.

"ಜನಕ್ಕೆ ಗೊತ್ತಾಗಿದ್ರೆ ಲಗಾಮು ಹಿಡಿದು ನಿಲ್ಸೋರು. ಅದಕ್ಕೆ ಪೀರ್‌ಕುಲಿ ಒಬ್ನಿಗೇ ಹೇಳಿದ್ದೆ. ಮುದ್ರೆ ಕೊಟ್ಟು, ನಾನು ಹೋದ್ಮೇಲೆ ಯಾರು ಬಂದು ಏನಂದ್ರೂ ಬಾಗಿಲು ತೆಗೀಬೇಡ ಅಂದಿದ್ದೆ." ಬಯಲಿನ ಡೇರೆಗಳ ಕಡೆ ತಿರುಗಿದ. "ಸಂಜೆ ಇನ್ನೊಂದ್ಸಲ ಹೇಳಿಕಳಿಸ್ದೆ. ಮಧ್ಯಾಹ್ನದ ಮಾತು ಮಧ್ಯಾಹ್ನಕ್ಕೇ ಮುಗೀತು ಅಂದ್ರು."

"ದಾಟಿ ಹೋಗ್ಬೇಕಿತ್ತು ನೀನು! ಒಂದು ಬಟ್ಟೆ ಕಣೋ ಅದು. ಒಂದು ಹಳೇ ಬಟ್ಟೆ!"

ಈ ಮಾತು ನನ್ನ ಬಾಯಿಂದ ಬಂತು. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಉಪಕಾರವಾಗುತ್ತಿತ್ತು.

ಸಂಜೆ ಮಗನನ್ನು ನೋಡಲು ಬಂದ. ನಾನು ಸಾರಿನ ಬಟ್ಟಲು ಹಿಡಿದು ಬಾಗಿಲಲ್ಲಿದ್ದೆ. ಒರೂಜ್ ಹೆಜ್ಜೆಯ ಸದ್ದಿಗೆ ತಲೆಯೆತ್ತಿದ.

"ಬಾಬಾ, ಯಾಕೆ ಬರ್ಲಿಲ್ಲ?"

ಯಾದಿಗಾರ್ ನನ್ನ ಕಡೆ ನೋಡಿದ. ಆಮೇಲೆ ಮಗನ ಪಕ್ಕದಲ್ಲಿ ಕೂತ.

"ಹೆದ್ರಿದೆ, ಮಗ."

ನಾನು ಬಾಯಿ ತೆರೆದೆ. ಅವನು ಬೇಡವೆಂದು ತಲೆಯಾಡಿಸಿದ. ನಾನು ಬಾಯಿ ಮುಚ್ಚಿದೆ. ಇದನ್ನು ಬರೆದಿಡಬೇಕು: ಅವನು ತಲೆಯಾಡಿಸಿದ್ದು ಒಂದೇ ಸಲ. ನಾನು ಬಾಯಿ ಮುಚ್ಚಿದ್ದು ಕೂಡಲೇ.

ಹೊರಗೆ ಬಂದ ಮೇಲೆ ಹೇಳಿದ: "ಇನ್ಮೇಲೆ ದಿನಾ ಅವನಿಗೆ ರೊಟ್ಟಿ ಮುರಿದು ಕೊಡೋ ಕೈ ನಿನ್ದು. ಆ ಕೈನ ಅವ್ನು ದ್ವೇಷ ಮಾಡ್ಬಾರ್ದು. ನನ್ನ ಮಾಡ್ಲಿ. ನಾನೆಷ್ಟು ದಿನ ಇರ್ತೀನಿ?"


ಇಪ್ಪತ್ತೊಂದನೆಯ ದಿನ

ಎದೆಯ ಮೇಲೆ ಏನೋ ಹರಿದಂತಾಯಿತು. ಚೀಲ ಬಿಚ್ಚಿದರೆ ಮೊಟ್ಟೆ ಒಡೆದು ಮರಿಗಳು ಬಂದಿವೆ, ಕರಿಎಳ್ಳಿನಷ್ಟು. ನಾನು ಅಂದು ಓಡಿದ್ದೆ, ಸಿಟ್ಟಾಗಿದ್ದೆ, ಅತ್ತಿದ್ದೆ. ಆದರೂ ಒಡೆದಿವೆ. ಎಳೆ ಸೊಪ್ಪು ಕೂದಲಿನಂತೆ ಹೆಚ್ಚಿ ಹಾಕಿದೆ.

ಹುಳು ಮನೆಯಲ್ಲಿರುವಾಗ ಜಗಳವಾಗಲಿ ಕೆಟ್ಟ ಸುದ್ದಿಯಾಗಲಿ ಆಡಬಾರದು. ಒರೂಜ್‌ಗೆ ಹೇಳಬೇಕಾದ್ದು ಏನಿದ್ದರೂ ಗೂಡು ಕಟ್ಟಿದ ಮೇಲೆ.

ಹಮಾಯಿಲ್ ತನ್ನದೊಂದು ಹೊಸ ತಲೆವಸ್ತ್ರ ತಂದು ಕೊಟ್ಟಳು, ದಾಳಿಂಬೆ ಬಣ್ಣದ್ದು, ಚೆನ್ನಾಗಿದೆ. "ಹೀಗೆ ಹಳೇ ಹತ್ತಿ ಚಿಂದಿ ಸುತ್ಕೊಂಡು ಓಡಾಡ್ತಿದ್ದೀರಲ್ಲ ಬಾಜಿ." ಸೆಕೆ ಎಂದೆ. ಪೆಟ್ಟಿಗೆಯಲ್ಲಿಟ್ಟೆ.


ಮೂವತ್ತೊಂದನೆಯ ದಿನ

ಹುಳು ಎರಡನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿವೆ. ಒರೂಜ್ ತಟ್ಟೆಗಳ ಪಕ್ಕದಲ್ಲೇ ಕೂತಿರುತ್ತಾನೆ. ಸೊಪ್ಪು ಮುಗಿದದ್ದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. "ಮೂರನೇ ತಟ್ಟೆ ಖಾಲಿ, ಬೀಬಿ. ಸದ್ದು ನಿಂತಿದೆ" ಎನ್ನುತ್ತಾನೆ. ನೋಡಿದರೆ ಹೌದು, ದಂಟು ಮಾತ್ರ ಉಳಿದಿರುತ್ತದೆ. ಸೊಪ್ಪನ್ನು ಬೆರಳಲ್ಲಿ ಸವರಿ ಎಳೆಯದು ಬಲಿತದ್ದು ಬೇರೆ ಮಾಡುತ್ತಾನೆ. ನಾನು ಹಾಗಲ್ಲ ಹೀಗೆ ಎಂದು ಹೇಳಲು ಹೋಗಿ, ನೀನು ಹೇಗೆ ಮಾಡ್ತೀಯೋ ಹಾಗೇ ಮಾಡು ಎಂದೆ.

ದಿನಾ ಮಧ್ಯಾಹ್ನ ಯಾದಿಗಾರ್ ಬಂದು ಹೊಸ್ತಿಲಲ್ಲಿ ನಿಲ್ಲುತ್ತಾನೆ. ಒರೂಜ್ ಗೋಡೆಯ ಕಡೆ ತಿರುಗುತ್ತಾನೆ. ಅಪ್ಪ ಒಂದಿಷ್ಟು ಹೊತ್ತು ಮಗನ ಬೆನ್ನು ನೋಡಿ ಹೋಗುತ್ತಾನೆ.

ಇವತ್ತು ಹೋದ ಮೇಲೆ ಒರೂಜ್ ಹೇಳಿದ: "ಊರಲ್ಲಿ ಅವರನ್ನ ಸಿಂಹ ಅಂತಾರಲ್ಲ ಬೀಬಿ. ಯಾರೂ ಹತ್ತಿರದಿಂದ ನೋಡಿಲ್ಲ."

ಊರಲ್ಲಿ ಎಲ್ಲರೂ ನೋಡಿದ್ದಾರೆ, ಹತ್ತನೆಯ ದಿನ ಬಾಗಿಲಲ್ಲಿ. ಇವನಿಗೆ ಹೇಳಬೇಡಿ ಎಂದು ಖಾನ್ ಕಟ್ಟಪ್ಪಣೆ ಮಾಡಿದ್ದಾನೆ. ನಾನು ಸೊಪ್ಪು ಹೆಚ್ಚುತ್ತಿದ್ದೆ. ಬೆರಳು ಕೊಯ್ದುಕೊಂಡೆ.


ನಲವತ್ತಮೂರನೆಯ ದಿನ

ಬಯಲಿನ ದಂಡಿನಲ್ಲಿ ಭೇದಿ ಹರಡಿದೆಯಂತೆ. ಹೊಳೆಯ ನೀರು ಕೆಟ್ಟಿದೆ. ಇದೇ ಸಮಯವೆಂದು ಖಾನ್ ಇನ್ನೂರು ಕುದುರೆಗಳೊಂದಿಗೆ ಹೊರಬಿದ್ದು ಅವರ ಉಗ್ರಾಣಕ್ಕೆ ಬೆಂಕಿ ಇಡುವುದೆಂದು ತೀರ್ಮಾನವಾಯಿತು. ಈ ಸಲ ಕವಚ ತೊಟ್ಟಿದ್ದ, ಕತ್ತಿ ಕಟ್ಟಿದ್ದ.

"ಹೋಗಿ ಬರ್ತೀನಿ, ಮಗ."

ಒರೂಜ್ ಗೋಡೆಗೆ ಮುಖ ಮಾಡಿಯೇ ಕೇಳಿದ. "ಹೆದ್ರಿಕೆ ಆಗಲ್ವಾ?"

"ಆಗುತ್ತೆ" ಎಂದ ಯಾದಿಗಾರ್.

ನೀರಿನ ಹೂಜಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಅಗುಳಿ ತೆಗೆದರು. ಅವನು ಕುದುರೆಯ ಮುಂದಿನ ನೆಲ ನೋಡಿದ. ಅಲ್ಲೇನೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿ ಸಣ್ಣಗೆ ನಕ್ಕ.

"ತಲೆ ಮೇಲೆ ಏನಾದ್ರೂ ಹಾಕ್ಕೋ ಬಾಜಿ, ಬಿಸಿಲಿದೆ."

ಹತ್ತಿಯ ಚಿಂದಿ ಎಲ್ಲಿ ಬಿದ್ದುಹೋಗಿತ್ತೋ ನನಗೇ ಗೊತ್ತಿರಲಿಲ್ಲ. ಹೋಗಬೇಡ ಎನ್ನಬೇಕೆಂದಿತ್ತು. ನನಗೆ ಹೆದರಿಕೆಯಾಗುತ್ತಿತ್ತು. ಆದರೂ ನೀರು ಚೆಲ್ಲಿದೆ. ಒಣ ಧೂಳು ಕುಡಿದುಬಿಟ್ಟಿತು.


ನಲವತ್ತನಾಲ್ಕನೆಯ ದಿನ

ಉಗ್ರಾಣ ಉರಿಯಿತು. ದಂಡು ಡೇರೆ ಕೀಳುತ್ತಿದೆ. ಗೋಡೆಯ ಮೇಲೆ ಜನ ಕುಣಿಯುತ್ತಿದ್ದರು. ಆಮೇಲೆ ಕುಣಿತ ನಿಂತಿತು.

ಯಾದಿಗಾರ್‌ನನ್ನು ಅವನ ಕುದುರೆಯ ಮೇಲೆಯೇ ಅಡ್ಡ ಮಲಗಿಸಿ ತಂದರು. ಪಕ್ಕೆಗೆ ಈಟಿ ತಗುಲಿತ್ತು. ನಾನೇ ಮುಖ ಒರೆಸಿದೆ. ಒಳಜೇಬಿನಲ್ಲಿ ಹಬ್ಬದ ಬಾದಾಮಿ ಕಡುಬು ಇತ್ತು, ಕಲ್ಲಿನ ಹಾಗೆ ಗಟ್ಟಿಯಾಗಿ.


ನಲವತ್ತೈದನೆಯ ದಿನ

ಬೆಳಿಗ್ಗೆಯೇ ಹೆಣ ತೊಳೆದು ಬಿಳಿ ಬಟ್ಟೆ ಸುತ್ತಿ ಚೌಕದಲ್ಲಿಟ್ಟಿದ್ದರು. ಮಗ ಮೊದಲು ಹೆಗಲು ಕೊಡದೆ ಎತ್ತುವಂತಿಲ್ಲ. ಕರೆಯಲು ಬಂದ ಮುಲ್ಲಾ ವಾಪಸು ಹೋದ. ಪೀರ್‌ಕುಲಿ ಬಂದ, ಅವನೂ ಹೋದ. ಒರೂಜ್ ಹುಳುವಿನ ಕೋಣೆಯಿಂದ ಏಳಲಿಲ್ಲ.

"ಬೇರೆ ಯಾರಾದ್ರೂ ಎತ್ಲಿ. ಊರಿಗೆ ಖಾನ್ ಆಗಿದ್ರು, ಊರೇ ಎತ್ಲಿ."

ಪೀರ್‌ಕುಲಿ ಹೊಸ್ತಿಲಲ್ಲಿ ನನ್ನ ಮುಖ ನೋಡಿದ. "ಅವರು ಬೇಡ ಅಂದಿದ್ರು, ನಾನು ಹೇಳಲ್ಲ" ಎಂದು ಮೆಲ್ಲಗೆ ಅಂದ. "ನೀವು ನೋಡಿ."

ಹುಳುಗಳು ಬೆರಳು ಗಾತ್ರವಾಗಿವೆ. ಕೋಣೆಯ ತುಂಬ ಅವು ಸೊಪ್ಪು ಮೇಯುವ ಸದ್ದು, ಹೊರಗೆ ಮಳೆ ಬಂದ ಹಾಗೆ. ಇಂಥ ಹೊತ್ತಿನಲ್ಲಿ ಇಲ್ಲಿ ಕೆಟ್ಟದ್ದು ಆಡಿದರೆ ಬೆಳೆಯೆಲ್ಲ ಹೋಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ನಾನು ಅವನೆದುರು ನೆಲದ ಮೇಲೆ ಕೂತು ಹೇಳಿದೆ.

ಎಲ್ಲ ಹೇಳಿದೆ. ಬಿಳಿ ಅಂಗಿ, ಬರಿಗೈ, ಮುದ್ರೆಯುಂಗುರ, ನೆರಳು. ಅಮ್ಮನ ತಲೆವಸ್ತ್ರವನ್ನು ನೆಲಕ್ಕೆ ಹಾಸಿದವಳು ನಾನು. "ತೆಗಿ ಅಂದ, ಕಂದ. ಎರಡು ಸಲ ಅಂದ. ನಾನು ತೆಗೀಲಿಲ್ಲ. ಹೆದ್ರಿದೆ ಅಂತ ನಿಂಗೆ ಹೇಳಿದ್ದು ನನ್ನ ಉಳಿಸಕ್ಕೆ. ನಾನು ಅಲ್ಲೇ ನಿಂತಿದ್ದೆ. ಸುಮ್ನಿದ್ದೆ."

ಅವನ ಮುಖದಲ್ಲಿ ಕಣ್ಣಿಲ್ಲ, ಅದನ್ನು ಓದುವುದು ನನಗಿನ್ನೂ ಬಾರದು. ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕಿದ.

"ಆ ವಸ್ತ್ರ ಎಲ್ಲಿದೆ?"

ಪೆಟ್ಟಿಗೆಯ ತಳದಿಂದ ತಂದುಕೊಟ್ಟೆ. ಅಂದಿನ ಧೂಳು ಹಾಗೇ ಇತ್ತು, ನಾನು ಒಗೆದಿರಲಿಲ್ಲ. ಮಡಿಲಲ್ಲಿ ಹರವಿಕೊಂಡು, ಸೊಪ್ಪು ಸವರುವಂತೆ, ಅಂಚಿನಿಂದ ಅಂಚಿಗೆ ಬೆರಳಾಡಿಸಿದ. ಒಂದು ಮೂಲೆಯಲ್ಲಿ ಬೆರಳು ನಿಂತಿತು.

"ಇಲ್ಲಿ ಹರಿದಿದೆ. ಹೊಲಿಗೆ ಹಾಕಿದೆ. ಇದು ಬಾಬಾ ಕುದುರೆದಾ?"

"ಅಲ್ಲ. ಅದು ಶಾಹನ ಕಂದಾಯದವನದು. ನೀನು ಹುಟ್ಟಕ್ಕೆ ಮುಂಚಿನ್ದು."

ಮತ್ತೆ ಮೊದಲಿನಿಂದ ಸವರಿದ. ಒಂದು ಗೇಣೂ ಬಿಡಲಿಲ್ಲ.

"ಬೇರೆ ಎಲ್ಲೂ ಹರಿದಿಲ್ಲ, ಬೀಬಿ."

"ಇಲ್ಲ, ಕಂದ."

ಅವನು ಅತ್ತ. ಕಣ್ಣಿಲ್ಲದವರು ಅಳುವುದನ್ನು ನಾನು ಮೊದಲ ಸಲ ನೋಡಿದ್ದು. ನನ್ನನ್ನು ಬೈಯಲಿಲ್ಲ, ಹತ್ತಿರಕ್ಕೂ ಕರೆಯಲಿಲ್ಲ. ಆಮೇಲೆ ಕಣ್ಣಿಗೆ ಕಟ್ಟಿದ್ದ ಹತ್ತಿ ಪಟ್ಟಿಯನ್ನು ತಾನೇ ಬಿಚ್ಚಿ ಪಕ್ಕಕ್ಕಿಟ್ಟು, ಆ ವಸ್ತ್ರವನ್ನು ನನ್ನ ಕಡೆ ಚಾಚಿದ.

"ಇದನ್ನ ಕಟ್ಟು."

"ಕಂದ, ಊರೆಲ್ಲ ನೋಡುತ್ತೆ. ಇದು ಯಾರದು ಅಂತ ಎಲ್ರಿಗೂ ಗೊತ್ತು."

"ನೋಡ್ಲಿ ಅಂತಾನೇ."

ಮಡಿಸಿ ಅವನ ಕಣ್ಣಿಗೆ ಕಟ್ಟಿದೆ. ಹೊಲಿಗೆ ಹಾಕಿದ ಮೂಲೆ ಕಿವಿಯ ಹಿಂದೆ ಬಂತು. ಪೆಟ್ಟಿಗೆಯಲ್ಲಿದ್ದ ಹಮಾಯಿಲ್ ಕೊಟ್ಟದ್ದು ನೆನಪಾಗಲಿಲ್ಲ, ಹಾಗೇ ಬರಿದಲೆಯಲ್ಲಿ ಅವನ ಕೈ ಹಿಡಿದು ಚೌಕಕ್ಕೆ ಹೋದೆ. ಜನ ಆ ವಸ್ತ್ರ ನೋಡಿ ದಾರಿ ಬಿಟ್ಟರು. ಪೀರ್‌ಕುಲಿ ಚಟ್ಟದ ಮುಂದಿನ ಬಲತುದಿಯನ್ನು ಅವನ ಹೆಗಲಿಗೆ ಕೊಟ್ಟ.

ನಮ್ಮ ಸ್ಮಶಾನ ಕೋಟೆಯ ಹೊರಗಿದೆ. ಹೆಂಗಸರು ಬಾಗಿಲ ತನಕ ಹೋಗಬಹುದು. ಒರೂಜ್ ಹೆಗಲ ಮೇಲೆ ಅಪ್ಪನನ್ನು ಹೊತ್ತು, ಇನ್ನೊಂದು ಕೈ ನನ್ನ ತೋಳಿನ ಮೇಲಿಟ್ಟು ನಡೆದ. ಅಗುಳಿ ಸರಿಯುವ ಸದ್ದು ಕೇಳಿ ನಿಂತ. ಅವನು ನಿಂತದ್ದರಿಂದ ಎಲ್ಲರೂ ನಿಂತರು.

"ಎಲ್ಲಿ ಹಾಕಿದ್ದೆ? ಇಲ್ಲೇನಾ, ಬೀಬಿ?"

"ಇಲ್ಲೇ. ನಿನ್ನ ಮುಂದೆ."

ಅವನು ಕಾಲು ಮುಂದೆ ಚಾಚಿ ಹೆಬ್ಬೆರಳಿನಿಂದ ನೆಲ ತಡವಿದ. ಧೂಳು, ಅಷ್ಟೇ. ನನ್ನ ತೋಳಿನಿಂದ ಕೈ ತೆಗೆದ. ಚಟ್ಟ ಮುಂದಕ್ಕೆ ಸರಿಯಿತು, ಆ ಜಾಗದ ಮೇಲೆ ಹಾಯ್ದು ಬಾಗಿಲು ದಾಟಿತು. ನಾನು ಈಚೆ ನಿಂತುಕೊಂಡೆ.